ಕಾಗದದಲ್ಲಿ ಐದು ಬೆರಳು

ಮುಚ್ಚಳಪ್ಪನ ಬಲಗೈಯಲ್ಲಿ ಉಳಿದದ್ದು ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರನ್ನು ಪ್ರೆಸ್ಸು ತಿಂದಿತ್ತು. ಡಬ್ಬಿಗಳಿಗೆ ತಗಡಿನ ಮುಚ್ಚಳ ಒತ್ತುವ ಕಾರ್ಖಾನೆಯಲ್ಲಿ ಹದಿನಾರು ವರ್ಷ ದುಡಿದು ಆ ಹೆಸರು ಸಂಪಾದಿಸಿದ್ದ. ಹೆತ್ತವರಿಟ್ಟ ಹೆಸರು ಹೆಂಡತಿಗೇ ಮರೆತುಹೋಗಿತ್ತು. ಪ್ರೆಸ್ಸಿನ ಮುಂದೆ ಕೈಗೆ ಅಡ್ಡವಾಗಿ ಒಂದು ಕಬ್ಬಿಣದ ಜಾಲರಿ ಇರಬೇಕು. ಮೊದಲು ಇತ್ತು ಕೂಡ. ಅದನ್ನು ಎತ್ತಿ ಇಳಿಸುವುದರಲ್ಲಿ ಹೊತ್ತು ಹಾಳೆಂದು ಮಾಲೀಕರು ಬಿಚ್ಚಿಸಿ, ತಮ್ಮ ಮನೆಯ ಗುಲಾಬಿ ಗಿಡಕ್ಕೆ ಆಡು ಬಾಯಿ ಹಾಕದಂತೆ ಕಟ್ಟಿಸಿದ್ದರು.

ಮಾಲೀಕರು ಮಹಾ ದೈವಭಕ್ತರು. ಕಾರ್ಖಾನೆಯ ಹಿಂದಿನ ಚರ್ಚಿಗೆ ಅವರೇ ಹಿರಿಯರು. ಚಾವಣಿ ಅವರದು, ಫ್ಯಾನು ಅವರದು, ಪಾಸ್ಟರ್ ಕೂರುವ ಕುರ್ಚಿಯೂ ಅವರದೇ. ಆಸ್ಪತ್ರೆಗೂ ಬಂದರು. ಮುಚ್ಚಳಪ್ಪನ ಬ್ಯಾಂಡೇಜಿನ ಮೇಲೆ ಕೈಯಿಟ್ಟು ಮುಕ್ಕಾಲು ಗಂಟೆ ಪ್ರಾರ್ಥಿಸಿದರು. ಅವರು ಒತ್ತಿದ ಜೋರಿಗೆ ಇವನಿಗೆ ಜೀವ ಹೋಗಿ ಬಂತು.

ಗಾಯ ಒಣಗಿದ ಮೇಲೆ ಒಂದು ಭಾನುವಾರ ಚರ್ಚಿನಲ್ಲಿ ಸಾಕ್ಷಿ ಹೇಳಲು ಎದ್ದ. ಅಲ್ಲಿಯ ರೂಢಿ ಒಂದೇ. ಮನೆ ಬಿದ್ದಿರಲಿ, ಮಗಳ ಮದುವೆ ಮುರಿದಿರಲಿ, ಕೊನೆಗೆ "ದೇವರ ಕೃಪೆಯಿಂದ ಈಗ ಎಲ್ಲಾ ಸರಿಯಾಗಿದೆ" ಅನ್ನಬೇಕು. ಹಾಗನ್ನದಿದ್ದರೆ ಸಭೆಗೆ ಎಲ್ಲಿ ಆಮೆನ್ ಅನ್ನಬೇಕೆಂದೇ ತಿಳಿಯುವುದಿಲ್ಲ.

"ಕೈಗೆ ಪೆಟ್ಟಾಯ್ತು. ನೀವೆಲ್ಲಾ ಪ್ರಾರ್ಥನೆ ಮಾಡಿದ್ರಿ. ದೇವರ ಕೃಪೆಯಿಂದ ಈಗ ಎಲ್ಲಾ ಸರಿಯಾಗಿದೆ" ಎಂದು ಹೇಳಿ ಕೂತ.

ಸಭೆ ಆಮೆನ್ ಎಂದಿತು. ಹಿಂದಿನ ಬೆಂಚಿನಲ್ಲಿದ್ದ ಕಾರ್ಖಾನೆಯ ಗುಮಾಸ್ತ ಅದನ್ನು ಅಕ್ಷರ ಬಿಡದೆ ಬರೆದುಕೊಂಡ.

ಹದಿನೈದು ದಿನ ಕಳೆದು ಮುಚ್ಚಳಪ್ಪ ಮಾಲೀಕರ ಮುಂದೆ ನಿಂತ.

"ಸಾರ್, ನನ್ನನ್ನ ಪ್ಯಾಕಿಂಗ್‌ಗೆ ಹಾಕಿ. ಎರಡು ಬೆರಳಲ್ಲಿ ಪ್ರೆಸ್ ಆಗಲ್ಲ."

"ಎರಡು ಯಾಕಪ್ಪಾ? ಐದಿವೆಯಲ್ಲ!"

ಕಾಗದ ಮುಂದೆ ಬಂತು. ಇವನ ಕೈ ಪ್ರಾರ್ಥನೆಯ ಬಲದಿಂದ ಸಂಪೂರ್ಣ ಗುಣವಾಗಿದೆ, ಇವನೇ ಸಾಕ್ಷಿ ನುಡಿದಿದ್ದಾನೆ, ಎಂಬತ್ತೆರಡು ಮಂದಿ ಆಮೆನ್ ಎಂದಿದ್ದಾರೆ. ಕೆಳಗೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಮೊಹರು.

"ಸಾರ್, ನೀವೇ ನೋಡಿ. ಇಲ್ವಲ್ಲ!"

"ಕಣ್ಣಿಗೆ ಕಂಡಿದ್ದನ್ನ ಯಾರು ಬೇಕಾದ್ರೂ ನಂಬ್ತಾರೆ. ಕಾಣದ್ದನ್ನ ನಂಬೋದೇ ವಿಶ್ವಾಸ. ಈ ವಾರ ಕಸ ಗುಡಿಸು. ಮುಂದಿನ ಸೋಮವಾರದಿಂದ ಪ್ರೆಸ್ಸು. ಆಗಲ್ಲ ಅಂದ್ರೆ ಗೇಟು ತೆರೆದೇ ಇದೆ."

ಗುಡಿಸಲು ಹೋದರೆ ಬಾಗಿಲಲ್ಲಿ ಹಾಜರಿ ಯಂತ್ರ. ಅದಕ್ಕೆ ಬಲಗೈಯ ತೋರುಬೆರಳೇ ಬೇಕು.

"ಬೆರಳಿಡು" ಎಂದ ಕಾವಲುಗಾರ.

"ಇಲ್ವಲ್ಲಣ್ಣಾ."

"ರೆಕಾರ್ಡಲ್ಲಿ ಇದೆಯಂತೆ. ಸರಿಯಾಗಿ ಇಡು."

ಮುಚ್ಚಳಪ್ಪ ಇಲ್ಲದ ಬೆರಳನ್ನು ಸರಿಯಾಗಿಯೇ ಇಟ್ಟ. ಯಂತ್ರಕ್ಕೆ ವಿಶ್ವಾಸ ಸಾಲದು. ಗೈರುಹಾಜರಿ ಎಂದು ಕೂಗಿತು. ಆರು ದಿನ ಬೆನ್ನು ಬಗ್ಗಿಸಿ ಗುಡಿಸಿದ, ಆರು ದಿನವೂ ಗೈರು.

ನಡುವೆ ಒಂದು ದಿನ ಊಟದ ಬಿಡುವಿನಲ್ಲಿ ಇಲಾಖೆಗೂ ಹೋಗಿ ಬಂದ. ಅಧಿಕಾರಿ ಕಡತದಿಂದ ತಲೆ ಎತ್ತಲಿಲ್ಲ.

"ಬೆರಳು ಹೋಗಿದೆ ಅಂತ ಅರ್ಜಿ ಬರೆದು ಸಹಿ ಹಾಕು."

"ಬರೆಯೋ ಕೈನೇ ಇದು, ಸಾರ್."

"ಹಾಗಾದ್ರೆ ಹೆಬ್ಬೆಟ್ಟು ಒತ್ತು."

ಒತ್ತಿದ. ಅಧಿಕಾರಿ ಗುರುತು ನೋಡಿ ನಕ್ಕರು. "ನೋಡಿದ್ಯಾ, ಬೆರಳಿದೆಯಲ್ಲ! ಹೋಗು, ಭಾನುವಾರ ನಿಮ್ಮ ಚರ್ಚಿಗೆ ನಾನೇ ಮುಖ್ಯ ಅತಿಥಿ."

ಹೌದು, ಈ ಅದ್ಭುತಕ್ಕಾಗಿ ವಿಶೇಷ ಆರಾಧನೆ ಏರ್ಪಾಡಾಗಿತ್ತು. ಮುಚ್ಚಳಪ್ಪ ವೇದಿಕೆಯ ಮೇಲೆ ಕೈ ಎತ್ತಿ ತೋರಿಸಬೇಕು. ಅದಕ್ಕೆಂದು ಗುಮಾಸ್ತ ಒಂದು ಬಿಳಿ ಗ್ಲೌಸು ತಂದುಕೊಟ್ಟ. ಮೂರು ಬೆರಳಿಗೆ ಹತ್ತಿ ತುರುಕಿ, ಬಾಗದಿರಲೆಂದು ಒಳಗೆ ಕಡ್ಡಿ ಇಟ್ಟಿದ್ದ. ಅವನೂ ಪಾಪ ಸಂಬಳದವನು, ಕೆಲಸ ಅಚ್ಚುಕಟ್ಟಾಗಿ ಮಾಡಿದ್ದ.

ಶನಿವಾರ ಸಂಜೆ ಹೆಂಡತಿ ಇವನನ್ನು ಎಳೆದುಕೊಂಡು ಪಾಸ್ಟರ್ ಮನೆಗೆ ಹೋದಳು. ಪಾಸ್ಟರ್ ಮೃದು ಮನುಷ್ಯ, ಇರುವೆಗೂ ದಾರಿ ಬಿಟ್ಟು ನಡೆಯುವವರು. ಮಾಲೀಕರಿಗಂತೂ ಇಡೀ ರಸ್ತೆಯನ್ನೇ ಬಿಟ್ಟುಕೊಡುವವರು.

"ಪಾಸ್ಟರ್, ಕಷ್ಟದಲ್ಲಿ ಜೊತೆಗಿರ್ತೀನಿ ಅಂತ ವಾರವಾರ ಹೇಳ್ತೀರಲ್ಲಾ. ನಾಳೆ ಎಲ್ಲಿರ್ತೀರಿ?"

"ಏನು ಮಾಡ್ಲಿ ತಾಯಿ? ಚಾವಣಿ ಅವರದು."

"ಚಾವಣಿ ಹೋದ್ರೆ ದೇವರಿಗೇನು ನೆಗಡಿ ಆಗಲ್ಲ. ಸೋಮವಾರ ಪ್ರೆಸ್ಸಲ್ಲಿ ಇವರ ಉಳಿದ ಎರಡು ಬೆರಳೂ ಹೋದ್ರೆ ಬಾಯಿಗೆ ತುತ್ತು ಎತ್ತೋದು ಹೇಗೆ? ಹೇಳಿ!"

"ಬಿಡೇ, ಹೋಗೋಣ. ದೇವರನ್ನ ಸುಳ್ಳುಗಾರ ಮಾಡಬಾರದು" ಎಂದ ಮುಚ್ಚಳಪ್ಪ. ಅವನಿಗೆ ನಿಜವಾಗಿಯೂ ಆ ಭಯವಿತ್ತು. ಎಂಬತ್ತೆರಡು ಮಂದಿ ಆಮೆನ್ ಅಂದ ಮೇಲೆ ಬೆರಳು ಬಾರದಿದ್ದದ್ದು ತನ್ನ ಭಕ್ತಿಯ ಕೊರತೆಯೇ ಇರಬೇಕೆಂದು ವಾರವೆಲ್ಲ ಕೊರಗಿದ್ದ.

ಪಾಸ್ಟರ್ ಅವನ ಮುಖ ನೋಡಿದರು.

ಭಾನುವಾರ ಚರ್ಚು ತುಂಬಿತ್ತು. ಮಾಲೀಕರು ಮಾತಾಡಿದರು, ಅಧಿಕಾರಿ ಮಾತಾಡಿದರು. ಇಂಥ ಅದ್ಭುತ ಎಲ್ಲ ಕಾರ್ಖಾನೆಯಲ್ಲೂ ನಡೆದರೆ ಇಲಾಖೆಗೆ ಕೆಲಸವೇ ಇರುವುದಿಲ್ಲ ಎಂದರು. ಆಮೇಲೆ ಮುಚ್ಚಳಪ್ಪನನ್ನು ಕರೆದರು. ಬಿಳಿ ಗ್ಲೌಸಿನ ಕೈ ಮೇಲೆದ್ದಿತು. ಐದೂ ಬೆರಳು ನೆಟ್ಟಗೆ ನಿಂತಿದ್ದವು.

"ಸಾಕ್ಷಿ ಹೇಳಪ್ಪಾ" ಎಂದರು ಮಾಲೀಕರು.

ಮುಚ್ಚಳಪ್ಪ ಬಾಯಿ ತೆರೆದ. "ದೇವರ ಕೃಪೆಯಿಂದ..." ಎಂದ. ಮುಂದಿನದು ಬರಲಿಲ್ಲ.

ಪಾಸ್ಟರ್ ಕುರ್ಚಿಯಿಂದ ಎದ್ದರು. ಬಂದು ಮುಚ್ಚಳಪ್ಪನ ಪಕ್ಕ ನಿಂತರು.

"ನಮ್ಮ ಸ್ವಾಮಿ ಸತ್ತು ಎದ್ದು ಬಂದ. ಸಾವನ್ನೇ ಗೆದ್ದವನಿಗೆ ಶಿಲುಬೆಯ ಮೊಳೆ ಕೊರೆದ ಅಂಗೈಯ ತೂತು ಮುಚ್ಚಿಕೊಳ್ಳೋದು ಕಷ್ಟ ಇತ್ತಾ? ಮುಚ್ಚಲಿಲ್ಲ. ಮುಟ್ಟಿ ನೋಡು ಅಂತ ನಂಬದ ಶಿಷ್ಯನ ಮುಂದೆ ಕೈ ಚಾಚಿದ. ಗಾಯ ತೋರಿಸಿದ್ರೆ ದೇವರಿಗೆ ಅವಮಾನ ಅಲ್ಲಪ್ಪಾ. ತೆಗಿ ಗ್ಲೌಸು."

ಮುಚ್ಚಳಪ್ಪ ಹಲ್ಲಿನಿಂದ ಕಚ್ಚಿ ಗ್ಲೌಸು ಎಳೆದು ಹಾಕಿದ. ವಾರವೆಲ್ಲ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಅವನಿಗೆ ಅಳು ಬಂತು.

"ದೇವರ ಕೃಪೆಯಿಂದ ಜೀವ ಇದೆ. ಬೆರಳಿಲ್ಲ. ಏನೂ ಸರಿಯಾಗಿಲ್ಲ" ಎಂದ.

ಸಭೆಗೆ ದಿಕ್ಕು ತೋಚಲಿಲ್ಲ. ಇಂಥ ಸಾಕ್ಷಿಗೆ ಏನನ್ನಬೇಕು? ಮೊದಲು ಅವನ ಹೆಂಡತಿ "ಆಮೆನ್" ಎಂದಳು. ಮೂರನೆಯ ಬೆಂಚಿನಿಂದ ಕತ್ತರಿ ಯಂತ್ರದ ಮುದುಕ ಎದ್ದ. ಒಂದೂವರೆ ಬೆರಳಿಲ್ಲದ ಎಡಗೈ ಎತ್ತಿ, "ನಾನೂ ಎಲ್ಲಾ ಸರಿಯಾಗಿದೆ ಅಂದಿದ್ದೆ. ಸುಳ್ಳು" ಎಂದ. ಅವನ ಹಿಂದೆ ಬಣ್ಣದ ವಿಭಾಗದ ಹೆಂಗಸು ಎದ್ದಳು, ಅಂಗೈ ತುಂಬ ಸುಟ್ಟ ಕಲೆ. ಆಮೇಲೆ ಸಾಲುಸಾಲಾಗಿ ಎದ್ದರು. ಕೈಗಳು ಮೇಲೇರಿದವು, ಒಂದಕ್ಕೆ ತುದಿಯಿಲ್ಲ, ಇನ್ನೊಂದಕ್ಕೆ ಗೆಣ್ಣಿಲ್ಲ. ಅಂಗ ಊನವಾಗದವರೂ ಕೈ ಎತ್ತಿ ನಿಂತರು. ನಾಳೆ ಪ್ರೆಸ್ಸಿಗೆ ಇವನೂ ನಿಲ್ಲೋದಿಲ್ಲ, ನಾವೂ ನಿಲ್ಲೋದಿಲ್ಲ ಎಂದು ಯಾರೋ ಕೂಗಿದರು. ಎಲ್ಲರೂ ಆಮೆನ್ ಎಂದರು, ಆ ಸದ್ದಿಗೆ ಚಾವಣಿ ಅದುರಿತು.

"ಬರ್ಕೊಳಿ ಸಾರ್" ಎಂದಳು ಮುಚ್ಚಳಪ್ಪನ ಹೆಂಡತಿ ಅಧಿಕಾರಿಯ ಕಡೆ ತಿರುಗಿ.

ಮಾಲೀಕರು ಮೈಕು ಕಿತ್ತುಕೊಂಡರು. "ಎಲ್ಲರೂ ಕಣ್ಣು ಮುಚ್ಚಿ, ತಲೆ ಬಾಗಿಸಿ ಪ್ರಾರ್ಥಿಸೋಣ!"

ಅಧಿಕಾರಿ ತಟ್ಟನೆ ಕಣ್ಣು ಮುಚ್ಚಿದರು. ಮಾಲೀಕರೂ ಮುಚ್ಚಿದರು. ಮೂರನೆಯವರು ಯಾರೂ ಮುಚ್ಚಲಿಲ್ಲ. ಕಣ್ಣು ತೆರೆದರೆ ಎದುರಿಗೆ ಏನಿದೆಯೆಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಪ್ರಾರ್ಥನೆ ಉದ್ದವಾಗುತ್ತಲೇ ಹೋಯಿತು. ಹನ್ನೆರಡಾಯಿತು, ಒಂದಾಯಿತು. ಮುಚ್ಚಳಪ್ಪ, ಪಾಸ್ಟರ್, ಇಡೀ ಸಭೆ ಕೈ ಎತ್ತಿಕೊಂಡೇ ಕಾಯುತ್ತಿದ್ದರು.