ನರ್ಸಮ್ಮನ ಹಿಡಿತ

ಮೇಷ್ಟ್ರನ್ನು ಬೋನಿನೊಳಗೆ ಕೂರಿಸಿ ಕರೆದೊಯ್ಯುತ್ತಾರೆ ಎಂದು ಕೇಳಿದ್ದೇ ತಡ, ನರ್ಸಮ್ಮನ ಎದೆ ಧಸಕ್ಕೆಂದಿತು.

ಮೇಷ್ಟ್ರು ಎಂದರೆ ಆ ಮನೆಯ ನಾಯಿ. ಕಂದು ಮೈ, ಕಣ್ಣಿನ ಮೇಲೆ ಮಾತ್ರ ಬಿಳಿ ಹುಬ್ಬು. ಯಾರು ಒಳಗೆ ಬಂದರೂ ಮನೆಪಾಠ ಮಾಡದೆ ಬಂದ ಹುಡುಗರನ್ನು ನೋಡುವ ಹಾಗೆ ಒಮ್ಮೆ ದಿಟ್ಟಿಸಿ, ಮುಖ ತಿರುಗಿಸಿಕೊಳ್ಳುವ ಸ್ವಭಾವ. ಹೆಸರು ತಾನಾಗಿಯೇ ಅಂಟಿಕೊಂಡಿತ್ತು. ಅಷ್ಟು ಗಾಂಭೀರ್ಯದ ಪ್ರಾಣಿ ಕಾರಿನ ಬಾಗಿಲು ತೆರೆದ ಸದ್ದು ಕೇಳಿದರೆ ಸಾಕು, ಥರಥರ ನಡುಗಿ ಮಂಚದ ಕೆಳಗೆ ಸೇರಿಬಿಡುತ್ತಿತ್ತು.

ಮರುದಿನ ಬೆಳಿಗ್ಗೆ ಇಡೀ ಸಂಸಾರ ಬೇರೆ ಊರಿಗೆ ಹೊರಡುವುದಿತ್ತು. ಅಳಿಯನಿಗೆ ಅಲ್ಲಿ ಹೊಸ ಕೆಲಸ ಸಿಕ್ಕಿತ್ತು. ಸಾಮಾನೆಲ್ಲ ಲಾರಿಯಲ್ಲಿ ಮುಂದೆ ಹೋಗಿ, ಮಾತಾಡಿದರೆ ಮಾತು ಗೋಡೆಗೆ ಬಡಿದು ವಾಪಸು ಬರುವಷ್ಟು ಮನೆ ಖಾಲಿಯಾಗಿತ್ತು. ಅಂಥ ಖಾಲಿ ಹಾಲಿನ ನಡುವೆ ಅಳಿಯ ತಂದಿಟ್ಟ ಆ ತಂತಿ ಬೋನು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು.

"ಅದೇನು ಕಳ್ಳತನ ಮಾಡಿದೆ ಅಂತ ಜೈಲಿಗೆ ಹಾಕ್ತೀರಾ?" ಎಂದರು ನರ್ಸಮ್ಮ.

"ಜೈಲಲ್ಲ ಅತ್ತೆ. ಒಳಗೆ ಮೆತ್ತಗೆ ಹಾಸಿಗೆ ಹಾಕ್ತೀನಿ. ಹಿಂದಿನ ಸೀಟಿಗೆ ಬಿಗಿಯಾಗಿ ಕಟ್ಟಿಬಿಟ್ರೆ ಒಂದಿಷ್ಟೂ ಅಲ್ಲಾಡಲ್ಲ."

"ಅಲ್ಲಾಡಲ್ಲ ಸರಿ. ಹೆದರಿ ಪ್ರಾಣ ಬಿಟ್ರೆ?"

"ಹಾಗಾದ್ರೆ ಎದೆಪಟ್ಟಿ ಹಾಕಿ, ಅದನ್ನ ಸೀಟ್ ಬೆಲ್ಟಿಗೆ ಸಿಕ್ಕಿಸೋಣ."

ಎದೆಪಟ್ಟಿಯನ್ನು ಮೇಷ್ಟ್ರು ಮೊನ್ನೆಯೇ ಪರೀಕ್ಷಿಸಿ, ಅರ್ಧ ಜಗಿದು, ಫೇಲು ಮಾಡಿ ಮೂಲೆಗೆ ಬಿಸಾಕಿಯಾಗಿತ್ತು.

"ಏನೂ ಬೇಡ," ಎಂದು ನರ್ಸಮ್ಮ ತೀರ್ಪು ಕೊಟ್ಟರು. "ಮುಂದಿನ ಸೀಟಲ್ಲಿ ನಾನು, ನನ್ನ ಮಡಿಲಲ್ಲಿ ಅದು. ಹಿಂದಿನ ಸೀಟಲ್ಲಿ ಇವಳು, ಇವಳ ಮಡಿಲಲ್ಲಿ ಪಾಪು. ಮುಗೀತು ಕಥೆ."

ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಬಟ್ಟೆ ಮಡಿಸುತ್ತಿದ್ದ ಮಗಳು ನಕ್ಕಳು. "ನಿಮ್ಮಿಬ್ಬರ ಮಾತು ಕೇಳಿದವರು, ಇವರ ಮನೇಲಿ ಮಗಳನ್ನ ಗಂಡನ ಮನೆಗೆ ಕಳಿಸ್ತಿದಾರೆ ಅಂದ್ಕೋಬೇಕು."

ಅಳಿಯ ಕಾರುಗಳ ಮುಂಗಾಜು ಕೂರಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಕೈಯಲ್ಲಿ ಸದಾ ಸಣ್ಣಪುಟ್ಟ ಗೀರು, ಬಾಯಲ್ಲಿ ಮಾತು ಕಡಿಮೆ. "ಅತ್ತೆ, ಗಾಜಿಗೆ ಹೊರಗಿಂದ ಪೆಟ್ಟು ಬಿದ್ದಿದ್ರೆ ಕಲ್ಲು ಅಂತ ಅರ್ಥ. ಒಳಗಿಂದ ಬಿದ್ದಿದ್ರೆ..." ಎಂದು ಶುರು ಮಾಡಿದವನು ಅತ್ತೆಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ವಯಸ್ಸಾದವರನ್ನು ಯಾಕೆ ಹೆದರಿಸಬೇಕು ಎಂದುಕೊಂಡಿರಬೇಕು.

ನರ್ಸಮ್ಮ ಹೆದರುವವರಲ್ಲ. "ಹೆರಿಗೆ ವಾರ್ಡಲ್ಲೇ ತಲೆ ನರೆಸಿಕೊಂಡವಳು ನಾನು. ಆಗಷ್ಟೇ ಹುಟ್ಟಿದ ಕೂಸು ಮೀನಿನ ಹಾಗೆ ಜಾರತ್ತೆ, ಗೊತ್ತಾ? ಈ ಕೈಯಿಂದ ಒಂದೇ ಒಂದು ಜಾರಿಲ್ಲ. ನಾಯಿ ಜಾರತ್ತಾ?"

ಅದು ಜಂಬದ ಮಾತಲ್ಲ, ನಿಜ. ಎಡಗೈ ಕುತ್ತಿಗೆಯ ಕೆಳಗೆ, ಬಲಗೈ ಸೊಂಟದ ಸುತ್ತ, ಮೊಣಕೈ ಎರಡೂ ಪಕ್ಕೆಗೆ ಒತ್ತಿ: ಆ ಹಿಡಿತವನ್ನು ಅವರು ಎಷ್ಟು ಬಾಣಂತಿಯರಿಗೆ ಹೇಳಿಕೊಟ್ಟಿದ್ದರೋ ಲೆಕ್ಕವಿಲ್ಲ. ಸ್ವಂತ ಮಗಳಿಗೂ ಹೇಳಿಕೊಟ್ಟದ್ದು ಅದನ್ನೇ.

ಕೊನೆಗೆ ಅಳಿಯನೇ ಒಂದು ದಾರಿ ಹುಡುಕಿದ. "ಒಂದ್ಸಲ ಪರೀಕ್ಷೆ ಮಾಡಿಬಿಡೋಣ. ನೀವು ಗೆದ್ರೆ ಬೋನು ವಾಪಸ್."

ಮಗುವನ್ನು ತೂಗುವ ಬಟ್ಟೆ ಜೋಲಿಯ ತಕ್ಕಡಿ ಇನ್ನೂ ಅಡಿಗೆಮನೆಯ ಕೊಕ್ಕೆಯಲ್ಲಿತ್ತು. ಮೇಷ್ಟ್ರನ್ನು ಅದರಲ್ಲಿ ಕೂರಿಸಿದಾಗ ಅವರು ಪಟ್ಟ ಅವಮಾನ ಹೇಳತೀರದು. ಎಂಟೂವರೆ ಕಿಲೋ. "ನಿನ್ನ ಮಗನಿಗಿಂತ ಅರ್ಧ ಕಿಲೋ ಜಾಸ್ತಿ ಅಷ್ಟೇ," ಎಂದು ನರ್ಸಮ್ಮ ಮಗಳನ್ನು ಛೇಡಿಸಿದರು. ಅಷ್ಟೇ ತೂಕದ ಗೋಧಿಹಿಟ್ಟನ್ನು ಅಂಗಡಿಯಿಂದ ತರಿಸಿ, ಕಾಗದದ ಚೀಲಕ್ಕೆ ತುಂಬಿ, ನಾಯಿಯ ಹಳೇ ಕಂಬಳಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಅವರು ಕಾರು ಹತ್ತಿದರು. ಬೆಲ್ಟು ಹಾಕಿಕೊಳ್ಳುವಾಗ ಕೈ ಸಿಗದೆ ಒದ್ದಾಡಿದ್ದನ್ನು ಕಂಡು ಅಳಿಯ ತಾನೇ ಬಗ್ಗಿ ಕೊಕ್ಕೆ ಸಿಕ್ಕಿಸಿದ.

ಮುಚ್ಚಿಹೋದ ಕಾರ್ಖಾನೆಯ ಹಿಂದಿನ ಬಯಲಿನಲ್ಲಿ ಪರೀಕ್ಷೆ ನಡೆಯಿತು. "ಈಗ ಬ್ರೇಕು ಹಾಕ್ತೀನಿ ಅತ್ತೆ," ಎಂದು ಹೇಳಿಯೇ ಅಳಿಯ ಬ್ರೇಕು ಒತ್ತಿದ. ನರ್ಸಮ್ಮ ಮುಂದಕ್ಕೆ ವಾಲಿದರು. ಚೀಲ ಕದಲಲಿಲ್ಲ. ಎರಡನೆಯ ಸಲ ಇನ್ನೂ ಜೋರಾಗಿ ಒತ್ತಿದ. ಆಗಲೂ ಕದಲಲಿಲ್ಲ.

"ನೋಡಿದ್ರಾ ಅಳಿಯಂದ್ರೇ?"

"ನೋಡಿದೆ. ಸೋತೆ," ಎಂದು ಅವನು ನಕ್ಕ. "ಬೋನಲ್ಲಿ ಇನ್ನು ನಾನೇ ಕೂತ್ಕೊಳ್ತೀನಿ."

ಮನೆಯ ಕಡೆ ತಿರುಗಿದರು. ಸಂಜೆಯ ಬಿಸಿಲು, ಅಂಗಡಿ ಸಾಲಿನ ರಸ್ತೆ, ಕಾರಿಗೆ ಅಂಥ ವೇಗವೂ ಇರಲಿಲ್ಲ. ಗೆದ್ದ ಖುಷಿಯಲ್ಲಿ ನರ್ಸಮ್ಮ ಚೀಲವನ್ನು ಇನ್ನೂ ಮಡಿಲಲ್ಲೇ, ಅದೇ ಹಿಡಿತದಲ್ಲಿ ಇಟ್ಟುಕೊಂಡಿದ್ದರು. ರಸ್ತೆ ಬದಿಗೆ ಬ್ರೆಡ್ಡಿನ ವ್ಯಾನೊಂದು ನಿಂತಿತ್ತು. ಅದರ ಬಾಗಿಲು ತಟಕ್ಕನೆ ತೆರೆದುಕೊಂಡಿತು. ಅಳಿಯ ಸ್ಟೇರಿಂಗು ಎಳೆದ. ಎದುರಿಗೆ ದೀಪದ ಕಂಬ.

ಢಬ್.

ಮೊದಲು ಎಲ್ಲವೂ ಬೆಳ್ಳಗಾಯಿತು. ಕಣ್ಣು ಹೋಯಿತೆಂದು ನರ್ಸಮ್ಮ ಅಂದುಕೊಂಡರು. ಬಾಯಲ್ಲಿ ಹಿಟ್ಟಿನ ರುಚಿ ಹತ್ತಿದಾಗ ಅರಿವಾಯಿತು. ಕಾರಿನ ತುಂಬ ಹಿಟ್ಟು ಹೊಗೆಯ ಹಾಗೆ ಹಾರಾಡುತ್ತಿತ್ತು. ಅದು ನಿಧಾನವಾಗಿ ಇಳಿಯುತ್ತಿದ್ದಂತೆ ಮುಂಗಾಜು ಕಂಡಿತು. ನಡುವೆ ಒಂದು ಕಡೆ ಗಾಜು ಹೊರಕ್ಕೆ ಉಬ್ಬಿ, ಸುತ್ತಲೂ ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು. ಅದರ ಕೆಳಗೆ, ಹೊಟ್ಟೆ ಒಡೆದ ಚೀಲದ ಮೇಲೆ, ಕಂಬಳಿ ಮುದುಡಿ ಬಿದ್ದಿತ್ತು.

ನರ್ಸಮ್ಮ ತಮ್ಮ ಕೈಗಳನ್ನು ನೋಡಿಕೊಂಡರು. ಎಡಗೈ ಎಲ್ಲಿರಬೇಕೋ ಅಲ್ಲೇ ಇತ್ತು. ಬಲಗೈಯೂ ಅಷ್ಟೇ. ಮೊಣಕೈಗಳು ಇನ್ನೂ ಪಕ್ಕೆಗೆ ಒತ್ತಿಕೊಂಡಿದ್ದವು. ಹಿಡಿತ ಹಾಗೆಯೇ ಇತ್ತು, ಹಿಡಿದದ್ದು ಇರಲಿಲ್ಲ. ಹೋದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ.

"ಅತ್ತೆ! ಅತ್ತೆ, ಪೆಟ್ಟಾಯ್ತಾ? ಮಾತಾಡಿ!"

ಅವರು ತಲೆ ಅಲ್ಲಾಡಿಸಿದರು. ಬೆಲ್ಟು ಉಜ್ಜಿದ ಕಡೆ ಭುಜ ಉರಿಯುತ್ತಿತ್ತು. ಬೇರೇನೂ ಆಗಿರಲಿಲ್ಲ. ಅಳಿಯನಿಗೂ ಏನೂ ಆಗಿರಲಿಲ್ಲ. ಅಷ್ಟರಲ್ಲಿ ಹೊರಗಿನಿಂದ ಒಂದು ಕೂಗು ಕೇಳಿಸಿತು. ಅಂಥ ಕೂಗನ್ನು ಅವರು ವಾರ್ಡಿನಲ್ಲಿಯೂ ಹೆಚ್ಚು ಸಲ ಕೇಳಿರಲಿಲ್ಲ.

"ಮಗು! ಅಯ್ಯೋ, ಅಜ್ಜಿ ಕೈಲಿ ಮಗು ಇತ್ತು! ನಾನು ನೋಡ್ದೆ, ಮಗು ಇತ್ತು!"

ಬ್ರೆಡ್ಡಿನವನು. ವ್ಯಾನಿನಿಂದ ಇಳಿಯುವಾಗ ಒಂದು ಕ್ಷಣ ಅವನಿಗೆ ಕಂಡದ್ದು ಅಷ್ಟೇ: ಮುಂದಿನ ಸೀಟಿನ ಮುದುಕಿ, ಅವಳ ತೋಳಿನಲ್ಲಿ ಕಂಬಳಿ ಸುತ್ತಿದ ಗಂಟು. ಅವನು ಓಡಿ ಬಂದು ಬಾಗಿಲು ಎಳೆದು ತೆಗೆದ. ಮುದುಡಿದ ಕಂಬಳಿಯ ಕಡೆ ಕೈ ಚಾಚಿದ. ಮುಟ್ಟಲು ಧೈರ್ಯ ಸಾಲದೆ ಕೈ ಗಾಳಿಯಲ್ಲೇ ನಿಂತಿತು.

"ಹಿಟ್ಟು ಕಣಪ್ಪ," ಎಂದರು ನರ್ಸಮ್ಮ. ಅವರ ದನಿ ಅವರಿಗೇ ಕೇಳಿಸಲಿಲ್ಲ. "ಬರೀ ಹಿಟ್ಟು. ಮಗು ಮನೇಲಿದೆ."

ಅವನು ರಸ್ತೆಯ ಮೇಲೇ ಕುಸಿದು ಕೂತ. ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ. ನರ್ಸಮ್ಮ ಅಳಿಯನ ಕಡೆ ತಿರುಗಿದರು. ಹಿಟ್ಟು ಮೆತ್ತಿದ ಅವನ ಮುಖದಲ್ಲಿ ಕಣ್ಣು ಮಾತ್ರ ಕಾಣುತ್ತಿದ್ದವು, ಅವು ಗಾಜಿನ ಬಿರುಕಿನ ಮೇಲೆ ನೆಟ್ಟಿದ್ದವು. ಅತ್ತೆಯ ತಲೆಗೆ ಬಂದದ್ದೇ ಅಳಿಯನ ತಲೆಗೂ ಬಂದಿತ್ತು.

ಒಂದು ವಾರದಿಂದ ಆ ಮನೆಯಲ್ಲಿ ನಾಯಿಯದೇ ಮಾತು. ಬೋನೋ, ಪಟ್ಟಿಯೋ, ಮಡಿಲೋ? ಮಗುವಿನ ವಿಚಾರ ಒಬ್ಬರ ಬಾಯಿಂದಲೂ ಬಂದಿರಲಿಲ್ಲ. ಮಗು ಇರುವುದೇ ತಾಯಿಯ ಮಡಿಲಲ್ಲಿ, ಅದಕ್ಕೇನು ವಿಚಾರ?

ಸುತ್ತ ಸೇರಿದ ಜನಕ್ಕೆ ಅಳಿಯ "ತಪ್ಪು ನಂದು, ಇವರದಲ್ಲ" ಎಂದ. ಬ್ರೆಡ್ಡಿನವನು "ಇಲ್ಲ, ಹಿಂದೆ ನೋಡದೆ ಬಾಗಿಲು ತೆಗೆದವನು ನಾನು" ಎಂದ. ತಪ್ಪನ್ನು ತನಗೇ ಬೇಕೆಂದು ಇಬ್ಬರು ಗಂಡಸರು ಎಳೆದಾಡುವುದನ್ನು ಜನ ಬೆರಗಾಗಿ ನೋಡಿದರು. ಬ್ರೆಡ್ಡಿನವನು ನೀರು ತಂದು, ತನ್ನ ಶುಭ್ರ ಟವೆಲಿನಿಂದ ನರ್ಸಮ್ಮನ ಕಣ್ಣುರೆಪ್ಪೆ ಒರೆಸಿದ. ಕಾರನ್ನು ಬದಿಗೆ ತಳ್ಳಿಸಿ, ಇಬ್ಬರನ್ನೂ ವ್ಯಾನಿನಲ್ಲಿ ಕೂರಿಸಿಕೊಂಡು, ನಡೆಯುವವರೂ ಹಿಂದಿಕ್ಕುವಷ್ಟು ನಿಧಾನವಾಗಿ ಓಡಿಸಿದ. ಹೊಂಡ ಬಂದಲ್ಲೆಲ್ಲ "ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಿ" ಎನ್ನುತ್ತಿದ್ದ.

ಗಟ್ಟಿಯಾಗಿ ಹಿಡ್ಕೊಳ್ಳಿ. ಆಸ್ಪತ್ರೆಯ ಗೇಟಿನಲ್ಲಿ ನಿಂತು ಅವರೂ ಹಾಗೇ ಅನ್ನುತ್ತಿದ್ದರು. ಬಾಣಂತಿಯನ್ನು ಕಾರಿನಲ್ಲಿ ಕೂರಿಸಿ, ಕೂಸನ್ನು ಮಡಿಲಿಗಿಟ್ಟು, ಸದ್ದಾಗದ ಹಾಗೆ ಬಾಗಿಲು ಮುಚ್ಚಿ, ಕಾರು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸುತ್ತಿದ್ದರು. ಅಷ್ಟು ಕಾರುಗಳು. ಎಲ್ಲವೂ ಕ್ಷೇಮವಾಗಿ ಮನೆ ಸೇರಿದ್ದವೇ? ಈ ಪ್ರಶ್ನೆ ಹಿಂದೆ ಎಂದೂ ಅವರಿಗೆ ಬಂದಿರಲಿಲ್ಲ.

ಬಾಗಿಲು ತೆರೆದ ಮಗಳು ಬಿದ್ದು ಬಿದ್ದು ನಕ್ಕಳು. "ಏನಮ್ಮ ಇದು! ಹಿಟ್ಟಿನ ಗಿರಣಿಗೆ ಬಿದ್ದು ಬಂದ್ಯಾ? ರೀ, ನೀವೂನಾ?" ಯಾರೂ ನಗದಿದ್ದಾಗ ಅವಳ ನಗು ತಾನಾಗಿ ಇಳಿಯಿತು. "ಏನಾಯ್ತು?"

ಅಳಿಯ ಎರಡೇ ಮಾತಿನಲ್ಲಿ ಹೇಳಿದ.

"ನಾಯಿ ಬೋನಲ್ಲೇ ಬರಲಿ," ಎಂದರು ನರ್ಸಮ್ಮ.

"ಹೋಗ್ಲಿ ಬಿಡಮ್ಮ, ನಿಮಗೇನೂ ಆಗಿಲ್ವಲ್ಲ. ನಾಯಿ ಹೇಗೋ ಬರತ್ತೆ."

"ಪಾಪೂನ ನಿನ್ನ ಮಡಿಲಲ್ಲಿ ಕರ್ಕೊಂಡು ಹೋಗೋದು ಬೇಡ."

ಮಗಳ ಮುಖ ಕೆಂಪಾಯಿತು. "ಅಂದ್ರೆ? ನನ್ನ ಕೈಲಿ ನನ್ನ ಮಗು ನಿಲ್ಲಲ್ವಾ? ಹಿಡಿಯೋದು ಹೇಳಿಕೊಟ್ಟವಳು ನೀನೇ ತಾನೇ?"

"ನನ್ನ ಕೈಲೇ ನಿಲ್ಲಲಿಲ್ಲ ಕಣೇ."

ಖಾಲಿ ಹಾಲಿನಲ್ಲಿ ಆ ಮಾತು ಎರಡೆರಡು ಸಲ ಕೇಳಿಸಿತು. ಮಗಳು ತೋಳಿನಲ್ಲಿದ್ದ ಮಗುವನ್ನು ನೋಡಿದಳು. ಆಮೇಲೆ ಅದನ್ನು ಎಷ್ಟು ಬಿಗಿಯಾಗಿ ಅವಚಿಕೊಂಡಳೆಂದರೆ ಅದು ನೋವಿಗೆ ಕಿಟಾರನೆ ಕಿರುಚಿತು.

"ದಿನಾ ಒಡೆದ ಗಾಜು ನೋಡ್ತೀನಿ ನಾನು," ಎಂದ ಅಳಿಯ ಗೋಡೆಯ ಕಡೆ ಮುಖ ಮಾಡಿ. "ನಾಯಿಗೆ ಅಂತ ನಾಲ್ಕು ಅಂಗಡಿ ಸುತ್ತಿ ಬೋನು ತಂದೆ. ಮಗನಿಗೆ..." ಅವನು ಫೋನು ತೆಗೆದ. ಹೊಸ ಕೆಲಸದವರಿಗೆ ನಾಳೆ ಬರುವುದಿಲ್ಲ, ಕಾರು ರಿಪೇರಿಯಾಗಿ, ಮಗುವಿನ ಸೀಟು ಸಿಕ್ಕಿ ಅದನ್ನು ಕಾರಿಗೆ ಸರಿಯಾಗಿ ಕೂರಿಸಿದ ಮೇಲೇ ಹೊರಡುವುದು ಎಂದು ಹೇಳಿದ. ಆ ಕಡೆಯಿಂದ ಏನು ಬಂತೋ, "ಕಾಯಕ್ಕಾಗದಿದ್ರೆ ಬೇರೆಯವರನ್ನ ತಗೊಳ್ಳಿ ಸಾರ್," ಎಂದ. ಅವನು ಅಷ್ಟು ಖಡಾಖಂಡಿತವಾಗಿ ಮಾತಾಡಿದ್ದನ್ನು ಆ ಮನೆ ಅದುವರೆಗೆ ಕೇಳಿರಲಿಲ್ಲ. ಫೋನಿಟ್ಟವನು "ಕಾಯ್ತಾರಂತೆ," ಎಂದು ಉಸಿರು ಬಿಟ್ಟ. "ನಾನು ಮೊದಲೇ ಹೇಳಿರಲಿಲ್ವಾ" ಎಂಬ ಮಾತನ್ನು ಅತ್ತೆಗೆ ಆಗಲೂ ಹೇಳಲಿಲ್ಲ, ಆಮೇಲೆಂದೂ ಹೇಳಲಿಲ್ಲ.

ನರ್ಸಮ್ಮ ಸ್ನಾನ ಮಾಡಿ ಬಂದು ಒಳಕೋಣೆಯಲ್ಲಿ ಉಳಿದಿದ್ದ ಒಂದೇ ಕುರ್ಚಿಯ ಮೇಲೆ ಕೂತರು. ಅಳುತ್ತಿದ್ದ ಮಗುವನ್ನು ಮಗಳು ತಂದು ಮುಂದೆ ಹಿಡಿದಳು. ಅವರು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

"ಬೇಡ ಕಣೇ. ಇವತ್ತು ಬೇಡ."

"ಕುರ್ಚಿಗೇನು ಚಕ್ರ ಇದೆಯಾ ಅಮ್ಮ?" ಎಂದಳು ಮಗಳು ಮೆಲ್ಲಗೆ. "ಹಿಡ್ಕೋ."

ಮಗುವನ್ನು ಮಡಿಲಿಗಿಟ್ಟು, ಅವಳು ಪಕ್ಕದಲ್ಲೇ ನೆಲದ ಮೇಲೆ ಕೂತಳು. ನರ್ಸಮ್ಮನ ಎಡಗೈ ಕುತ್ತಿಗೆಯ ಕೆಳಗೆ ಹೋಯಿತು, ಬಲಗೈ ಸೊಂಟವನ್ನು ಬಳಸಿತು. ಎರಡೂ ಕೈ ನಡುಗುತ್ತಿದ್ದವು, ಎಷ್ಟು ಬಿಗಿಹಿಡಿದರೂ ನಿಲ್ಲಲಿಲ್ಲ. ಮಗುವಿಗೆ ಅದು ತೂಗಿದ ಹಾಗೆ ಅನ್ನಿಸಿರಬೇಕು. ಅಳು ನಿಲ್ಲಿಸಿ, ಒಮ್ಮೆ ಆಕಳಿಸಿ, ಕಣ್ಣು ಮುಚ್ಚಿತು.