ಕಾಗೆ ತಿಂದ ಹಿಮ

ಮೂರನೆಯ ಸಲವೂ ಕಾಗೆ ಬಂತು.

ಬರದೆ ಏನು ಮಾಡೀತು? ಅಂಜನ್ ಕುಮಾರ್ ಚಡ್ಡಿ ಹಾಕುತ್ತಿದ್ದ ಕಾಲದಲ್ಲಿ ಫಿಲ್ಮಿನೊಳಗೆ ಸಿಕ್ಕಿಬಿದ್ದ ಕಾಗೆ ಅದು. ಹಿಮಗಿರಿಯ ನೆತ್ತಿಯಲ್ಲಿ ಮಾಂತ್ರಿಕ ಕೈಯೆತ್ತಿ ನಿಂತಿದ್ದಾನೆ. ಎದುರಿಗೆ ರಾಜಕುಮಾರ ಖಡ್ಗ ಹಿರಿದಿದ್ದಾನೆ. ಸುತ್ತ ಕಣ್ಣು ಕುಕ್ಕುವ ಬಿಳಿ ಹಿಮ. ಅಷ್ಟರಲ್ಲಿ ಕಾಗೆಯೊಂದು ಇಳಿದು, ಯಾವ ಗಡಿಬಿಡಿಯೂ ಇಲ್ಲದೆ, ಹಿಮವನ್ನು ಹೆಕ್ಕಿ ತಿನ್ನತೊಡಗುತ್ತದೆ.

ಹಿಮವೆಂದರೆ ಮಂಡಕ್ಕಿ. ದಾವಣಗೆರೆಯ ಅಕ್ಕಿ ಹುರಿಯುವ ಭಟ್ಟಿಗಳಿಂದ ಮೂಟೆಗಟ್ಟಲೆ ತಂದು ಹರಿಹರದ ಹೊಳೆಯ ಮರಳಿನ ಮೇಲೆ ಸುರಿದದ್ದು.

ಅಂಜನ್ ಕುಮಾರ್ ಲ್ಯಾಪ್‌ಟಾಪಿನಲ್ಲಿ ದೃಶ್ಯವನ್ನು ಮತ್ತೆ ಹಿಂದಕ್ಕೆಳೆದು, ಇಯರ್‌ಫೋನನ್ನು ಕಿವಿಗೆ ಒತ್ತಿ ಹಿಡಿದ. ಮಾಂತ್ರಿಕ ಕಾಗೆಯತ್ತ ತಿರುಗುತ್ತಾನೆ. ಅಲ್ಲಿಯತನಕ ಗುಡುಗುತ್ತಿದ್ದ ದನಿ ತಟ್ಟನೆ ಇಳಿಯುತ್ತದೆ.

"ನೀನೂ ಬಂದೆಯಾ? ತಿನ್ನು. ಈ ಹಿಮವೂ ಒಂದು ದಿನ ಮುಗಿಯುತ್ತದೆ."

ಮತ್ತೆ ಅಟ್ಟಹಾಸ, ಮತ್ತೆ ಖಡ್ಗ. ಅಷ್ಟೆ.

'ಹಿಮಗಿರಿಯ ಮಂತ್ರಖಡ್ಗ'ವನ್ನು ಅವನು ಹರಿಹರದ ಟಾಕೀಸಿನಲ್ಲಿ ಮೊದಲು ನೋಡಿದಾಗ ಕಾಗೆ ಬಂದೊಡನೆ ಇಡೀ ಟಾಕೀಸು ಶಿಳ್ಳೆ ಹೊಡೆದಿತ್ತು. ಆಮೇಲೆ ನೋಡಿದಾಗಲೆಲ್ಲ ನಗುವ ಗೆಳೆಯರು ಜೊತೆಗಿದ್ದರು. ಈ ಮಾತು ಕಿವಿಗೆ ಬಿದ್ದದ್ದು ಇವತ್ತೇ. ಕಣ್ಣು ಒದ್ದೆಯಾದದ್ದು ಗೊತ್ತಾಗಿ, ಇಂಗ್ಲಿಷ್ ಅಧ್ಯಾಪಕನಿಗೆ ಒಪ್ಪುವಂತೆ ಕನ್ನಡಕ ಒರೆಸಿಕೊಂಡ.

ಮಧ್ಯಾಹ್ನ ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಹಾಲ್‌ನಲ್ಲಿ 'ಕಳಪೆ ಹಬ್ಬ'. ಹಳೆಯ ಕೆಟ್ಟ ಸಿನಿಮಾ ಹಾಕಿಕೊಂಡು ಎಲ್ಲರೂ ಕೂಡಿ ನಗುವ ಕಾರ್ಯಕ್ರಮ. ಏರ್ಪಡಿಸುವವಳು ಅವನ ಹಳೆಯ ವಿದ್ಯಾರ್ಥಿನಿ ಭವ್ಯಾ. ನಗಿಸುವವನು ಅವನು. ಊರಿನಲ್ಲಿ ಅವನ ಹೆಸರು ಹೇಳಿದರೆ ಸಾಕು, ಜನರ ತುಟಿ ಅರ್ಧ ಬಿರಿಯುತ್ತಿತ್ತು. ತಾಯಿ ತೀರಿಕೊಂಡ ದಿನ ಆಸ್ಪತ್ರೆಯಿಂದ ಗೆಳೆಯನಿಗೆ ಫೋನ್ ಮಾಡಿದಾಗ, ಆ ಕಡೆ ಒಂದು ಗಳಿಗೆ ಗೆಳೆಯ ನಗಲು ತಯಾರಾಗಿ ಕಾದದ್ದು ಅವನಿಗೆ ಕೇಳಿಸಿತ್ತು.

ಇವತ್ತು ನೆಟ್ಟಗೆ ಹೇಳಬೇಕು ಅಂದುಕೊಂಡ. ಈ ಸಿನಿಮಾ ನನಗೆ ಇಷ್ಟ, ನಿಜವಾಗಿ ಇಷ್ಟ. ಒಂದೇ ಒಂದು ಸಲ ತನ್ನ ಮಾತನ್ನು ಜನ ಇದ್ದಂತೆ ನಂಬಬೇಕು.

ಇಷ್ಟಪಡಲು ಏನು ಕಡಿಮೆಯಿತ್ತು? ಇಡೀ ದಂಡಿಗೆ ಒಂದೇ ಕುದುರೆ. ಆದರೆ ಅದು ಕ್ಯಾಮೆರಾ ಮುಂದೆ ಸುತ್ತಿ ಬರುವ ಪ್ರತಿ ಸಲಕ್ಕೂ ಯಾರೋ ಅದರ ಜೂಲನ್ನು ಬೇರೆ ಥರ ಬಾಚಿದ್ದರು. ಖಡ್ಗದ ಮಿಂಚನ್ನು ಯಾರೋ ಫಿಲ್ಮಿನ ಮೇಲೆ ಸೂಜಿಯಿಂದ ಗೀರಿ ಗೀರಿ ಬರೆದಿದ್ದರು. ಗೆರೆ ನಡುಗುತ್ತಿತ್ತು, ಆದರೆ ಎಲ್ಲೂ ತಪ್ಪಿರಲಿಲ್ಲ. ರಾಕ್ಷಸನಿಗೆ ಮೂರು ತಲೆ, ಅದರಲ್ಲಿ ಎರಡು ಕಾಗದದವು. ಮಗಳು ಸತ್ತಾಗ ನಡುವಿನ ತಲೆ ಅಳುತ್ತದೆ. ಕಾಗದದ ತಲೆಗಳ ಕೆನ್ನೆಯ ಮೇಲೂ ನೀರಿತ್ತು. ಕ್ಯಾಮೆರಾ ಓಡುವ ಮೊದಲು ಯಾರೋ ಏಣಿ ಹತ್ತಿ ಆ ಕಾಗದದ ಕಣ್ಣುಗಳಿಗೂ ಕಣ್ಣೀರು ಹಚ್ಚಿ ಬಂದಿದ್ದರು. ತಾನು ಇಷ್ಟು ವರ್ಷ ಮಾಡಿದ ಪಾಠದಲ್ಲಿ ಅಷ್ಟು ಶ್ರದ್ಧೆ ಎಂದಾದರೂ ಇತ್ತೇ ಎಂದು ಯೋಚಿಸಿ, ಯೋಚನೆಯನ್ನು ಅಲ್ಲಿಗೇ ಬಿಟ್ಟ.

"ದೋಸೆ ಆರಿ ಹೋತು ನೋಡ್ರಿ," ಎನ್ನುತ್ತ ಹೆಂಡತಿ ಪ್ರೇಮಲತಾ ಬಂದು ಅವನ ಹೆಗಲ ಮೇಲಿಂದ ಬಗ್ಗಿದಳು. "ಅಯ್ಯ, ಅದು ಮಂಡಕ್ಕಿ ಅಲ್ಲೇನ್ರಿ?"

"ಹೂಂ."

"ಕಾಗೆ ಬ್ಯಾರೆ!" ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಒಂದು ಸ್ವಲ್ಪ ಇದನ್ನ ಕೇಳು," ಎಂದು ಇಯರ್‌ಫೋನ್ ತೆಗೆದು ಕೊಟ್ಟ.

ಅವಳು ಕಿವಿಗೆ ಇಟ್ಟುಕೊಂಡಳು. ಮುಖದ ಮೇಲೆ ನಗು ಹಾಗೇ ಇತ್ತು. "ಸಖತ್ ಐತೆ. ಇದಕ್ಕೆ ಏನಂತ ಜೋಕ್ ಮಾಡ್ತೀರಿ?"

"ನೋಡೋಣ," ಎಂದು ಅವನು ಆರಿದ ದೋಸೆಯತ್ತ ನಡೆದ.

ಮಾಂತ್ರಿಕನ ಪಾತ್ರ ಮಾಡಿದ್ದ ಮೈಲಪ್ಪ ಹರಿಹರದಲ್ಲೇ ಇದ್ದರು. ಕರೆತರಲು ಅಂಜನ್ ಕುಮಾರನೇ ಕಾರು ತೆಗೆದುಕೊಂಡು ಹೋದ. ಹೊಳೆಯ ಕಡೆಯ ಓಣಿಯಲ್ಲಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೀಸೆಗೆ ಕಪ್ಪು ಹಚ್ಚಿಕೊಂಡು ಅವರು ಬಾಗಿಲಲ್ಲೇ ನಿಂತಿದ್ದರು. ಪರದೆಯ ಮೇಲೆ ಮೂರು ಲೋಕ ನಡುಗಿಸಿದವರು ಕಾರಿನ ಬೆಲ್ಟು ಹಾಕಿಕೊಳ್ಳಲು ಬರದೆ ಒದ್ದಾಡಿದರು.

"ಜನ ಬರ್ತಾರೇನ್ರಿ ಸಾರ್?"

"ಬರ್ತಾರೆ."

"ಹುಡುಗ್ರು ನಗ್ತಾರಂತೆ?"

ಅಂಜನ್ ಕುಮಾರ್ ಗೇರು ಬದಲಿಸಿದ. "ಸ್ವಲ್ಪ ನಗಬಹುದು."

"ನಗ್ಲಿ ಬಿಡ್ರಿ. ಅಳ್ರಿ ಅಂದ್ರೆ ಅಳ್ತಾರಾ?"

ಕಾಗೆಗೆ ಹೇಳಿದ ಮಾತಿನ ಬಗ್ಗೆ ಆಗಲೇ ಕೇಳಬೇಕೆನಿಸಿತು. ತಡೆದುಕೊಂಡ. ವೇದಿಕೆಯ ಮೇಲೆ ಕೇಳಿದರೆ ಎಲ್ಲರಿಗೂ ಕೇಳಿಸುತ್ತದೆ. ಕಾಗೆ ಬಂದು ಕೆಡಿಸಿದ ದೃಶ್ಯವನ್ನು ಈ ಮನುಷ್ಯ ನಿಂತ ನಿಲುವಿನಲ್ಲೇ ಒಂದು ಮಾತು ಹುಟ್ಟಿಸಿ ಎತ್ತಿ ನಿಲ್ಲಿಸಿದ್ದ. ಪಕ್ಕದಲ್ಲಿ ಕೂತಿದ್ದ ಮುದುಕರ ಮೇಲೆ ಅವನಿಗೆ ಅಪಾರ ಗೌರವ ಉಕ್ಕಿತು. ಹೇಳಲು ಬಾರದೆ ಏಸಿ ಜೋರು ಮಾಡಿದ.

ಹಾಲ್ ತುಂಬಿತ್ತು. ಭವ್ಯಾ ಮೈಕ್ ಕೊಟ್ಟಳು.

"ಈ ಸಿನಿಮಾ ಒಂದು ದೊಡ್ಡ ಕೃತಿ," ಎಂದ.

ಹಾಲ್ ಗೊಳ್ಳೆಂದಿತು.

"ನಿಜವಾಗಿ ಹೇಳ್ತಾ ಇದ್ದೀನಿ."

ನಗು ಇನ್ನೂ ಜೋರಾಯಿತು. ಅವನು ಕಾಗದದ ತಲೆಗಳ ಕಣ್ಣೀರಿನ ಬಗ್ಗೆ ಹೇಳಿದ. ಮುಂದಿನ ಸಾಲಿನವನೊಬ್ಬ ತೊಡೆ ತಟ್ಟಿಕೊಂಡು ನಕ್ಕ. ತನ್ನ ಹುಬ್ಬು ತಾನಾಗಿಯೇ ಮೇಲೇರಿದ್ದು, ದನಿ ಹಳೆಯ ಚಾಳಿಯಂತೆ ಕೊನೆಗೆ ಕೊಂಕಿದ್ದು ಅವನಿಗೇ ಗೊತ್ತಾಯಿತು. ಹುಬ್ಬನ್ನು ಇಳಿಸಲು ನೋಡಿದ. ಅದಕ್ಕೂ ನಕ್ಕರು.

ಸಿನಿಮಾ ಓಡಿತು. ಕಾಗೆ ಬಂತು. ಚಪ್ಪಾಳೆ, ಶಿಳ್ಳೆ. ಮಾಂತ್ರಿಕನ ಮಾತು ಯಾರಿಗೂ ಕೇಳಿಸಲಿಲ್ಲ.

ಮುಗಿದ ಮೇಲೆ ಮೈಲಪ್ಪನವರನ್ನು ಕುರ್ಚಿಯಲ್ಲಿ ಕೂರಿಸಿದರು. ಆ ಮಾತನ್ನು ಜನರಿಗೆ ಕೇಳಿಸಲು ಅಂಜನ್ ಕುಮಾರನಿಗೆ ಉಳಿದದ್ದು ಇದೊಂದೇ ದಾರಿ.

"ಮೈಲಪ್ಪನವರೇ, ಕಾಗೆ ಬಂದಾಗ ನೀವೊಂದು ಮಾತು ಹೇಳ್ತೀರಿ. 'ಈ ಹಿಮವೂ ಒಂದು ದಿನ ಮುಗಿಯುತ್ತದೆ' ಅಂತ. ಅದು ಯಾರೂ ಬರೆದುಕೊಟ್ಟದ್ದಲ್ಲ, ಅಲ್ವಾ? ನಿಮ್ಮದೇ ಮಾತು?"

ಮೈಲಪ್ಪ ಕಣ್ಣು ಕಿರಿದು ಮಾಡಿದರು. "ಅದು ನನ್ನ ದನಿ ಅಲ್ರಿ ಸಾರ್. ನಂದು ಹಳ್ಳಿ ಮಾತು ಅಂತ ಮದರಾಸಿನಾಗ ಬ್ಯಾರೆ ಯಾರ್ನೋ ಕೂಡ್ಸಿ ಮಾತಾಡ್ಸಿದ್ರು."

"ಆದರೆ ತುಟಿ ನಿಮ್ಮದೇ ಅಲ್ವಾ? ಅವತ್ತು ನೀವು ಕಾಗೆಗೆ ಏನಂದ್ರಿ?"

"ಏನಂತೀನ್ರಿ? ಹುಶ್, ನಿನ್ನ ಬಾಯಾಗ ಮಣ್ಣು ಹಾಕ, ಮತ್ತೆ ಹಾಸಾಕೆ ಮಂಡಕ್ಕಿ ಇಲ್ಲ, ಅಂದೆ."

ಹಾಲ್ ಎದ್ದು ಕುಣಿಯಿತು. ಭವ್ಯಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮೈಲಪ್ಪ ಎರಡೂ ಕೈಯೆತ್ತಿ ಜನರಿಗೆ ನಮಸ್ಕಾರ ಮಾಡಿದರು, ಮುಖ ಅರಳಿತ್ತು. ತಾನು ಅವರನ್ನು ಈ ನಗೆಯಿಂದ ಕಾಪಾಡಲು ಹೊರಟಿದ್ದೆನೆಂಬುದು ನೆನಪಾಗಿ ಅಂಜನ್ ಕುಮಾರನಿಗೆ ನಾಚಿಕೆಯಾಯಿತು.

"ಆ ದನಿ ಕೊಟ್ಟವರು ಯಾರು?" ಮೈಕಿನಿಂದ ದೂರ ಸರಿದು ಕೇಳಿದ.

"ಯಾರಿಗೊತ್ತು? ಅಂಥವ್ರ ಹೆಸ್ರು ಹಾಕ್ತಾರೇನ್ರಿ?"

ಯಾರೋ ಒಬ್ಬ. ಕತ್ತಲೆ ಕೋಣೆಯಲ್ಲಿ ಕೂತವನು. ಅವನ ಮುಂದೆ ಇದ್ದದ್ದು ಮಂಡಕ್ಕಿಯ ನಡುವೆ ಕಾಗೆ ಓಡಿಸುತ್ತ ತುಟಿ ಅಲುಗಿಸುವ ಒಬ್ಬ ಮನುಷ್ಯ. ಒಂದು ಬೈಗುಳದ ಅಳತೆಯಷ್ಟೇ ಜಾಗದಲ್ಲಿ ಅವನು ಆ ಮಾತನ್ನು ಕೂರಿಸಿ, ಮುಂದಿನ ದೃಶ್ಯಕ್ಕೆ ಹೋಗಿದ್ದ. ಅಂಜನ್ ಕುಮಾರನ ಮೆಚ್ಚುಗೆ ಇಮ್ಮಡಿಯಾಯಿತು. ತಲುಪಿಸಲು ವಿಳಾಸವೇ ಇರಲಿಲ್ಲ.

ಟೆರೇಸಿನ ಮೇಲೆ ತಿಂಡಿ ಇಟ್ಟಿದ್ದರು. ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬಿಸಿ ಮೆಣಸಿನಕಾಯಿ ಬಜ್ಜಿ. ಕೆಳಗೆ ಹಾಲ್‌ನಲ್ಲಿ ಮೈಲಪ್ಪನವರ ಅಟ್ಟಹಾಸ ಕೇಳಿಸುತ್ತಿತ್ತು. ಹುಡುಗರು ಒಬ್ಬೊಬ್ಬರಾಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅಂಜನ್ ಕುಮಾರ್ ಕಾಗದದ ತಟ್ಟೆ ಹಿಡಿದು ಒಬ್ಬನೇ ಗೋಡೆಯ ಅಂಚಿಗೆ ನಿಂತ. ಹೊತ್ತು ಇಳಿದಿತ್ತು. ತಟ್ಟೆಯನ್ನು ಗೋಡೆಯ ಮೇಲಿಟ್ಟು ಕನ್ನಡಕ ತೆಗೆದ.

ಕಾಗೆಯೊಂದು ಬಂದು ತಟ್ಟೆಯ ಪಕ್ಕ ಕೂತಿತು. ಅವನನ್ನು ಒಂದು ಕಣ್ಣಿನಿಂದ ನೋಡಿತು. ಆಮೇಲೆ ತಿನ್ನತೊಡಗಿತು.

ಹುಶ್ ಅನ್ನಬಹುದಿತ್ತು. ನೀನೂ ಬಂದೆಯಾ ಅನ್ನಬಹುದಿತ್ತು. ಎರಡೂ ಬೇರೆಯವರ ಮಾತು. ತನ್ನದೊಂದನ್ನು ಹುಡುಕುತ್ತ ಅವನು ಬಾಯಿ ತೆರೆದ. ತುಟಿ ಅಲುಗಿತು, ದನಿ ಹೊರಡಲಿಲ್ಲ.

"ಅಯ್ಯೋ ಸಾರ್, ಸೂಪರ್!" ಭವ್ಯಾ ಬಾಗಿಲಲ್ಲಿ ಫೋನ್ ಹಿಡಿದು ನಿಂತು ನಗುತ್ತಿದ್ದಳು. "ಹಂಗೇ ಇರ್ರಿ, ಅಲುಗಾಡಬ್ಯಾಡ್ರಿ. ಮಾತೇನೂ ಬ್ಯಾಡ. ದನಿ ಆಮೇಲೆ ಹಾಕಿದ್ರಾತು."

ಅವನು ಹಾಗೇ ನಿಂತ. ತುಟಿ ಇನ್ನೂ ಅಲುಗುತ್ತಿತ್ತು. ತಟ್ಟೆಯಲ್ಲಿ ಹಿಮ ಕಡಿಮೆಯಾಗುತ್ತಿತ್ತು.