ಗುಡುಗಮ್ಮನ ಮೇಜು

ನಾಟಕದ ತಂಡದಲ್ಲಿ ಎಲ್ಲರೂ ಅವಳನ್ನು ಗುಡುಗಮ್ಮ ಎಂದೇ ಕರೆಯುತ್ತಿದ್ದರು. ರಂಗದ ಮೇಲೆ ಮಳೆ ಬರಬೇಕಿದ್ದರೆ, ಕುದುರೆ ಓಡಬೇಕಿದ್ದರೆ, ನಾಯಕಿಯ ಮನೆಯ ಕಿಟಕಿಯ ಗಾಜು ಒಡೆಯಬೇಕಿದ್ದರೆ, ಪರದೆಯ ಪಕ್ಕದ ಕತ್ತಲಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಆ ಸದ್ದು ಹೊರಡಿಸುವವಳು ಅವಳೇ. ಆಳೆತ್ತರದ ತಗಡನ್ನು ಅಲುಗಿಸಿದರೆ ಗುಡುಗು. ಕಾಳು ಹಾಕಿದ ಜರಡಿಯನ್ನು ಮೆಲ್ಲಗೆ ಆಡಿಸಿದರೆ ಮಳೆ. ಎರಡು ಮರದ ಬಟ್ಟಲುಗಳನ್ನು ಬೋರಲು ಹಿಡಿದು ಕುಟ್ಟಿದರೆ ಕುದುರೆ. ಹಳೆಯ ಚರ್ಮದ ಕೈಗವಸುಗಳನ್ನು ಪಟಪಟ ಬಡಿದರೆ ಪಾರಿವಾಳ ಹಾರಿಹೋಗುತ್ತಿತ್ತು. ಎಲ್ಲವೂ ಒಂದು ಉದ್ದನೆಯ ಮೇಜಿನ ಮೇಲೆ ತಂತಮ್ಮ ಜಾಗದಲ್ಲಿ ಇರಬೇಕು. ಕತ್ತಲಲ್ಲಿ ಅದು ಕಣ್ಣಿಗಲ್ಲ, ಕೈಗೆ ಗೊತ್ತಿರಬೇಕು. ಯಾರಾದರೂ ಒಂದು ಬಟ್ಟಲನ್ನು ಗೇಣು ಸರಿಸಿದರೂ ಅವರ ಗ್ರಹಚಾರ ಬಿಡಿಸುತ್ತಿದ್ದಳು.

ಇಷ್ಟೆಲ್ಲ ಮಾಡಿಯೂ ಅವಳಿಗೆ ಒಂದು ದಿನವೂ ಚಪ್ಪಾಳೆ ಬಿದ್ದಿರಲಿಲ್ಲ. ಸದ್ದು ಮಾಡುವವರ ಹಣೆಬರಹವೇ ಹಾಗೆ. ಸರಿಯಾಗಿ ಮಾಡಿದರೆ ಜನ ಮಳೆ ಬಂತು ಅಂದುಕೊಳ್ಳುತ್ತಾರೆ, ತಪ್ಪಿದರೆ ಮಾತ್ರ ಒಳಗೆ ಯಾರೋ ಕೂತಿದ್ದಾರೆ ಅನ್ನುವುದು ನೆನಪಾಗುತ್ತದೆ. ನಾಟಕ ಮುಗಿದು ನಟರೆಲ್ಲ ಸಾಲಾಗಿ ನಿಂತು ಕೈ ಮುಗಿಯುವಾಗ ಅವಳು ನೆಲಕ್ಕೆ ಬಿದ್ದ ಕಾಳು ಆರಿಸುತ್ತಿರುತ್ತಿದ್ದಳು.

ಈಗ ಬಲಭುಜ ಕೈಕೊಟ್ಟಿತ್ತು. ತಗಡು ಹಾಗಿರಲಿ, ತಲೆ ಬಾಚಿಕೊಳ್ಳುವುದಕ್ಕೂ ಕೈ ಮೇಲೇಳುತ್ತಿರಲಿಲ್ಲ. ತಂಡದ ನಿರ್ದೇಶಕರು, ಎಲ್ಲರ ಬಾಯಲ್ಲೂ ಮೇಷ್ಟ್ರು, ಕೆಟ್ಟವರಲ್ಲ. ಆದರೆ ಮಾತು ನೇರ.

"ಗುಡುಗಮ್ಮ, ಈಗ ಸದ್ದೆಲ್ಲ ಕಂಪ್ಯೂಟರಲ್ಲೇ ಬರುತ್ತೆ. ನೀವು ಕಲಿತರೆ ನೀವೇ ಕೂತ್ಕೊಳ್ಳಿ. ಹೊಸ ನಾಟಕದ ಮೊದಲ ಪ್ರದರ್ಶನ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನನ್ನ ತಂಗಿ ಮಗ ಇದಾನೆ."

ಆ ತಂಗಿ ಮಗನಿಗೆ ಗುಡುಗಿಗೂ ಗೋಡೆ ಕುಸಿಯುವುದಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲ. ತನ್ನ ಸ್ಟೂಲಿನ ಮೇಲೆ ಅವನು ಕೂರುವುದನ್ನು ಗುಡುಗಮ್ಮನಿಗೆ ನೆನೆಯಲೂ ಆಗಲಿಲ್ಲ. ಆ ಜಾಗ ಬಿಟ್ಟರೆ ತಾನು ಯಾರು ಅನ್ನುವುದೇ ಅವಳಿಗೆ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಮಗನ ಹಳೆಯ ಲ್ಯಾಪ್‌ಟಾಪ್ ಇತ್ತು. ಅದರ ಸ್ವಂತ ಸ್ಪೀಕರ್ ಎಂದೋ ಕೆಟ್ಟು ಮೂಕವಾಗಿತ್ತು. ಹೊರಗಿನಿಂದ ಬೇರೆ ಸ್ಪೀಕರ್ ಸಿಕ್ಕಿಸಿದರೆ ಮಾತ್ರ ಬಾಯಿ ಬಿಡುತ್ತಿತ್ತು. ಸೊಸೆ ಫೋಟೊ ಅಂಗಡಿಯಲ್ಲಿ ಕೆಲಸ ಮಾಡುವವಳು, ಕಂಪ್ಯೂಟರ್ ಅಂದರೆ ನೀರು ಕುಡಿದಷ್ಟು ಸಲೀಸು. ಅದನ್ನು ಊಟದ ಮೇಜಿನ ಮೇಲಿಟ್ಟು, ಸ್ಪೀಕರ್ ಸಿಕ್ಕಿಸಿ ತೆರೆದಳು. ನೀಲಿ ಆಕಾಶದ ಕೆಳಗೆ ಒಂದು ಹಿಮದ ಬೆಟ್ಟ ಕಂಡಿತು.

"ಇದು ಯಾರ ಬೆಟ್ಟ?" ಎಂದಳು ಗುಡುಗಮ್ಮ.

"ಯಾರದ್ದೂ ಅಲ್ಲ ಅತ್ತೆ. ಕಂಪನಿಯವರು ಹಾಕಿ ಕೊಟ್ಟಿರೋದು."

"ಗುರುತು ಪರಿಚಯ ಇಲ್ಲದ ಬೆಟ್ಟದ ಮೇಲೆ ನಾನು ನನ್ನ ಗುಡುಗನ್ನ ಎಲ್ಲಿ ಅಂತ ಹುಡುಕ್ಲಿ?"

ಸೊಸೆ ನಗುತ್ತಾ ಏನನ್ನೋ ಒತ್ತಿದಳು. ಬೆಟ್ಟ ಮಾಯವಾಯಿತು. ಅಲ್ಲಿ ಹಸಿರು ಬಂತು, ಹಸಿರು ಹೋಗಿ ಕಡುಗೆಂಪು ಬಂತು. ಗುಡುಗಮ್ಮ ಕುರ್ಚಿಯ ತುದಿಗೆ ಸರಿದಳು.

"ಅಂದ್ರೆ ಇದನ್ನ ನಮಗೆ ಬೇಕಾದ ಹಾಗೆ ಮಾಡ್ಕೋಬಹುದಾ?"

"ಗೋಡೆ ಬಣ್ಣದಿಂದ ಹಿಡಿದು ಮೌಸಿನ ಬಾಣದ ಗಾತ್ರದವರೆಗೆ ಎಲ್ಲಾನೂ."

"ಮತ್ತೆ ಇಷ್ಟು ದಿನ ಹೇಳೋಕೆ ಏನಾಗಿತ್ತು ನಿಂಗೆ?"

ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತೆ. ಗುಡುಗಮ್ಮನೂ ಬಿಡಲಿಲ್ಲ. ಎಡಗೈಯಲ್ಲಿ ಮೌಸ್ ಹಿಡಿಯುವುದನ್ನು ಕಲಿತಳು. ಬಾಣವನ್ನು ಹಿಗ್ಗಿಸಿ ಹಿಗ್ಗಿಸಿ ಸೌಟಿನಷ್ಟು ಮಾಡಿದಳು. ಕಂಪ್ಯೂಟರಿನ ಕಿಟಕಿಗಳ ಅಂಚಿಗೆ ರಂಗದ ಪರದೆಯ ಕೆಂಪು ಬಣ್ಣವೇ ಬೇಕೆಂದು ಹಠ ಹಿಡಿದು, ಸೊಸೆಯ ಕೈಯಲ್ಲಿ ಅದನ್ನೂ ಮಾಡಿಸಿದಳು. ತಪ್ಪು ಮಾಡಿದರೆ ಕಂಪ್ಯೂಟರ್ 'ಟಿಂಗ್' ಎನ್ನುವುದು ಅವಳಿಗೆ ಸೇರಲಿಲ್ಲ. ಬೈಯುವುದಾದರೆ ಸರಿಯಾಗಿ ಬೈಯಲಿ ಎಂದು, ತಾನೇ ಮೇಕೆಯ ಹಾಗೆ ಕೂಗಿ ಆ ಕೂಗನ್ನು ಅಲ್ಲಿ ಸೇರಿಸಿದಳು. ಮಾರನೆಯ ಬೆಳಗ್ಗೆ ಮಗ ಆಫೀಸಿನ ಪತ್ರ ನೋಡಲು ಕೂತವನು ಎದ್ದು ನಿಂತ.

"ಅಮ್ಮಾ, ಕಂಪ್ಯೂಟರಲ್ಲಿ ಮೇಕೆ ಕೂಗ್ತಿದೆ!"

"ನೀನು ತಪ್ಪು ಗುಂಡಿ ಒತ್ತಿದೀಯ, ಅದಕ್ಕೆ."

ಬೆಟ್ಟದ ಜಾಗದಲ್ಲಿ ಏನು ಹಾಕುವುದು ಅನ್ನುವುದು ಸ್ನಾನ ಮಾಡುವಾಗ ಹೊಳೆಯಿತು. ಒದ್ದೆ ತಲೆಯಲ್ಲೇ ಓಡಿಬಂದಳು. "ನನ್ನ ಮೇಜನ್ನೇ ಹಾಕಿದ್ರೆ ಹೇಗೆ? ತಗಡಿನ ಚಿತ್ರ ಒತ್ತಿದ್ರೆ ಗುಡುಗು ಬರ್ಬೇಕು, ಜರಡಿ ಒತ್ತಿದ್ರೆ ಮಳೆ!"

ಸೊಸೆ ಅವಳನ್ನೇ ನೋಡಿದಳು. "ಅತ್ತೆ, ನೀವು ನಮ್ಮ ಅಂಗಡಿಗೆ ಬಂದುಬಿಡಿ," ಎಂದಳು.

ಅಂಗಡಿಯ ಕ್ಯಾಮೆರಾವನ್ನು ರಂಗಮಂದಿರಕ್ಕೆ ತಂದು, ಏಣಿ ಹತ್ತಿ, ಇಡೀ ಮೇಜು ಬರುವ ಹಾಗೆ ಸೊಸೆ ಫೋಟೊ ತೆಗೆದಳು. ಮೂಲೆಯಲ್ಲಿ ಗುಡುಗಮ್ಮನ ಖಾಲಿ ಸ್ಟೂಲೂ ಬಂದುಬಿಟ್ಟಿತ್ತು. ಕತ್ತರಿಸಲು ಹೋದವಳನ್ನು ಅತ್ತೆಯೇ ತಡೆದಳು. "ಇರ್ಲಿ ಬಿಡು, ಅದೂ ನಮ್ಮದೇ."

ಆಮೇಲೆ ಸದ್ದುಗಳು. ಬೇರೆಯವರ ಗುಡುಗನ್ನು ತರುವ ಮಾತೇ ಇರಲಿಲ್ಲ. ರಜೆಯ ದಿನ ಮಗನನ್ನೂ ಅಲ್ಲಿಗೆ ಕರೆದೊಯ್ದು, ಕೈಗೆ ತಗಡು ಕೊಟ್ಟು ಅಲುಗಿಸಲು ಹಚ್ಚಿದಳು. "ಗುಡುಗು ದೂರದಿಂದ ಬರುತ್ತೆ ಕಣೋ, ನೆಲಕ್ಕೆ ಪಾತ್ರೆ ಬಿದ್ದ ಹಾಗಲ್ಲ!" ಎಂದು ಅವನ ಬೆವರಿಳಿಸಿದಳು. ಬಾಗಿಲು ತಟ್ಟುವ ಸದ್ದಿಗೆ ಸೊಸೆಯ ಬೆರಳ ಗಂಟೇ ಆಗಬೇಕು, ಅದರಲ್ಲಿ ಸಂಕೋಚ ಇದೆ ಎಂದಳು. ದಣಿದ ಮಗ ಬಟ್ಟಲೊಂದನ್ನು ಎತ್ತಿ ಬೇರೆ ಕಡೆ ಇಟ್ಟಾಗ ಅವಳ ದನಿ ಮಾಡು ಹಾರುವ ಹಾಗೆ ಎದ್ದಿತು: "ಯಾರೂ ನನ್ನ ಮೇಜು ಮುಟ್ಟಬೇಡಿ!"

ರೆಕಾರ್ಡಿಂಗ್ ನಡೆಯುತ್ತಲೇ ಇತ್ತು. ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅದನ್ನ ಅಳಿಸಿ ಹಾಕು."

"ಅಳಿಸಿದೆ ಅತ್ತೆ," ಎಂದಳು ಸೊಸೆ.

ಪ್ರತಿ ಸದ್ದಿಗೂ ಒಂದೊಂದು ಸಣ್ಣ ಕೆಂಪು ಚುಕ್ಕಿ. ಸೊಸೆ ಅವನ್ನು ಚಕಚಕನೆ ಚಿತ್ರದ ಮೇಲೆ ಇಟ್ಟುಬಿಟ್ಟಳು. ಗುಡುಗಮ್ಮ ಎಲ್ಲವನ್ನೂ ತೆಗೆಸಿದಳು. ತನ್ನ ಮೇಜನ್ನು ತಾನೇ ಜೋಡಿಸಬೇಕು. ನಾಲಿಗೆ ಕಚ್ಚಿಕೊಂಡು, ಎಡಗೈಯಿಂದ ಒಂದೊಂದೇ ಚುಕ್ಕಿಯನ್ನು ಎಳೆದುಕೊಂಡು ಹೋಗಿ ತಗಡಿನ ಮೇಲೆ, ಜರಡಿಯ ಮೇಲೆ, ಬಟ್ಟಲಿನ ಮೇಲೆ ಇಟ್ಟಳು. ಅರ್ಧ ದಾರಿಯಲ್ಲಿ ಕೈತಪ್ಪಿದರೆ ಮತ್ತೆ ಮೊದಲಿಂದ ಎಳೆದಳು. ಕೊನೆಗೆ ಉಳಿದದ್ದು ಚುಕ್ಕಿಗಳ ಕೆಳಗಿನ ಹೆಸರುಗಳು.

"ಈ ಅಕ್ಷರ ತೆಗಿ. ಮೇಜಿನ ಅಂದ ಕೆಡ್ತಿದೆ."

"ಹೆಸರಿರ್ಲಿ ಅತ್ತೆ, ಎಂದಾದ್ರೂ ಬೇಕಾಗುತ್ತೆ."

"ತಗಡಿನ ಮೇಲೆ ತಗಡು ಅಂತ ಬರ್ಕೊಂಡಿದೀನಾ ನಾನು? ಜಾಗ ಗೊತ್ತಿದ್ರೆ ಹೆಸರು ಯಾಕೆ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಅವತ್ತು ಆ ಮನೆಯಲ್ಲಿ ಅತ್ತೆಯ ಕಾಲ ನಡೆಯುತ್ತಿತ್ತು. ಹೆಸರೇ ಇಲ್ಲದಿದ್ದರೆ ಕಂಪ್ಯೂಟರ್ ಒಪ್ಪುವುದಿಲ್ಲ, ಎರಡಕ್ಕೆ ಒಂದೇ ಹೆಸರಿದ್ದರೂ ಒಪ್ಪುವುದಿಲ್ಲ. ಹಾಗಾಗಿ ಸೊಸೆ ಕಣ್ಣಿಗೆ ಕಾಣದ ಖಾಲಿ ಅಕ್ಷರ ಹಾಕಿದಳು. ಒಂದು ಚುಕ್ಕಿಗೆ ಒಂದು ಖಾಲಿ, ಇನ್ನೊಂದಕ್ಕೆ ಎರಡು ಖಾಲಿ, ಮತ್ತೊಂದಕ್ಕೆ ಮೂರು. "ಖಾಲಿ ಎಣಿಸಿ ಎಣಿಸಿ ನನ್ನ ತಲೆಯೂ ಖಾಲಿ ಆಯ್ತು," ಎಂದು ಗೊಣಗಿದಳು. ಗುಡುಗಮ್ಮ ದೂರ ನಿಂತು ತಲೆ ಓರೆ ಮಾಡಿ ನೋಡಿದಳು. ಅವಳ ಮೇಜು ಬೆಳಕು ಹತ್ತಿಸಿಕೊಂಡು ಮಡಿಲಲ್ಲಿ ಕೂರುವಷ್ಟು ಚಿಕ್ಕದಾಗಿತ್ತು. ಖುಷಿಗೆ ಸೊಸೆಯ ಕೆನ್ನೆ ಹಿಂಡಿದಳು.

ತಾಲೀಮಿನಲ್ಲಿ ಒಂದು ಸದ್ದೂ ತಪ್ಪಲಿಲ್ಲ. ಮೇಷ್ಟ್ರು ಹತ್ತಿರ ಬಂದು ಕಂಪ್ಯೂಟರಿನ ಪರದೆಯ ಮೇಲಿನ ತಗಡನ್ನು, ಹೊರಗಿನ ತಗಡನ್ನು ಒಂದೊಂದು ಸಲ ನೋಡಿ, "ಹ್ಞೂಂ," ಎಂದರು. ಅದು ಅವರ ಬಾಯಲ್ಲಿ ಬರುವ ದೊಡ್ಡ ಹೊಗಳಿಕೆ. ಆದರೂ, "ಪ್ರದರ್ಶನ ನೋಡೋಣ," ಎಂದೇ ಹೋದರು.

ಪ್ರದರ್ಶನದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಮಗ ಸೊಸೆ ಜನರ ನಡುವೆ ಕೂತಿದ್ದರು. ಮೊಬೈಲ್ ಆರಿಸಿ ಎಂದು ಹೇಳಿಯಾಗಿತ್ತು, ಮೊದಲ ಗಂಟೆಯೂ ಬಾರಿಸಿತ್ತು. ಆಗ ಬಂದ ದೀಪದಣ್ಣ, ಅಂದರೆ ತಂಡಕ್ಕೆ ಲೈಟು ಬಿಡುವವನು, ಕಂಕುಳಲ್ಲಿ ಒಂದು ದೊಡ್ಡ ಮಾನಿಟರ್ ಹಿಡಿದುಕೊಂಡು.

"ಕತ್ತಲಲ್ಲಿ ಕಣ್ಣಿಗೆ ಹಿತವಾಗಿರ್ಲಿ ಅಂತ ತಂದೆ ಗುಡುಗಮ್ಮ," ಎಂದವನೇ ತಂತಿ ಸಿಕ್ಕಿಸಿದ.

ಲ್ಯಾಪ್‌ಟಾಪಿನ ಪರದೆ ಒಮ್ಮೆ ಕಪ್ಪಾಯಿತು. ಮತ್ತೆ ಬೆಳಕು ಬಂದಾಗ ಮೇಜು ರಬ್ಬರಿನಂತೆ ಹಿಗ್ಗಿತ್ತು. ಕೆಂಪು ಚುಕ್ಕಿಗಳೆಲ್ಲ ತಮ್ಮ ಜಾಗ ಬಿಟ್ಟು ಓಡಿಹೋಗಿ ಎಡಗಡೆಯ ಮೂಲೆಯಲ್ಲಿ ಸಾಲಾಗಿ ನಿಂತಿದ್ದವು.

"ತೆಗಿ, ತೆಗಿ ಅದನ್ನ!"

ದೀಪದಣ್ಣ ಗಾಬರಿಯಲ್ಲಿ ತಂತಿ ಕಿತ್ತ. ಮೇಜು ಮೊದಲಿನ ಅಳತೆಗೆ ಬಂತು. ಚುಕ್ಕಿಗಳು ಅಲ್ಲಾಡಲಿಲ್ಲ.

ಗುಡುಗಮ್ಮ ಬಗ್ಗಿ ನೋಡಿದಳು. ಎಲ್ಲ ಚುಕ್ಕಿಯೂ ಕೆಂಪು, ಎಲ್ಲವೂ ಒಂದೇ ಗಾತ್ರ, ಯಾವುದಕ್ಕೂ ಹೆಸರಿಲ್ಲ. ಯಾವುದು ಯಾವುದೆಂದು ತಿಳಿಯಬೇಕಾದರೆ ಒತ್ತಿ ಕೇಳಬೇಕು. ಲ್ಯಾಪ್‌ಟಾಪಿಗೆ ಸ್ವಂತ ಗಂಟಲಿಲ್ಲ. ಒತ್ತಿದರೆ ಸಭಾಂಗಣದ ದೊಡ್ಡ ಸ್ಪೀಕರಿನಲ್ಲೇ ಮೊಳಗುತ್ತದೆ. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ಯಾರ ಬಳಿಯೂ ಇರಲಿಲ್ಲ. ಸೊಸೆ ಹೇಳಿದ್ದಳು, ಹೆಸರಿರಲಿ ಎಂದು. ಕೇಳಿದ್ದರೆ ತನ್ನ ಗಂಟೇನು ಹೋಗುತ್ತಿತ್ತು? ಪರದೆ ಎದ್ದೊಡನೆ ಮಳೆ ಬರಬೇಕು. ಮಳೆಯ ಬದಲು ಗಾಜು ಒಡೆದರೆ ಜನ ನಗುತ್ತಾರೆ, ಮೇಷ್ಟ್ರು ನಗುವುದಿಲ್ಲ. ನಾಳೆ ಸ್ಟೂಲಿನ ಮೇಲೆ ಅವರ ತಂಗಿ ಮಗ ಇರುತ್ತಾನೆ.

ಎರಡನೆಯ ಗಂಟೆ ಬಾರಿಸಿತು.

ಕೇಳದೆ ಗತಿಯಿಲ್ಲ ಅಂದಮೇಲೆ ಎಲ್ಲರೂ ಕೇಳಲಿ! ಅದು ಹೊಳೆದದ್ದೇ ಅವಳು ದೀಪದಣ್ಣನ ಕಡೆ ತಿರುಗಿದಳು.

"ದೀಪದಣ್ಣ, ಸಭೆಯ ದೀಪ ಆರಿಸು."

"ಪರದೆ ಎತ್ತೋದು..."

"ಪರದೆ ಬೇಡ. ಕತ್ತಲೆ ಮಾಡು, ಅಷ್ಟೇ."

ದೀಪ ಆರಿತು. ಜನರ ಗುಜುಗುಜು ನಿಂತಿತು. ಗುಡುಗಮ್ಮ ಮೊದಲ ಚುಕ್ಕಿ ಒತ್ತಿದಳು. ಕುದುರೆ! ಕತ್ತಲಲ್ಲಿ ಎಲ್ಲಿಂದಲೋ ಹೊರಟು ಹತ್ತಿರ ಹತ್ತಿರ ಬಂತು. ಅದು ಓಡುತ್ತಿರುವಾಗಲೇ ಚುಕ್ಕಿಯನ್ನು ಎಳೆದು ಬಟ್ಟಲಿನ ಮೇಲೆ ಇಟ್ಟಳು. ಎರಡನೆಯದು ಬಾಗಿಲು ತಟ್ಟುವ ಸದ್ದು, ಸೊಸೆಯ ಸಂಕೋಚದ ಬೆರಳು. ಸಭೆಯಲ್ಲಿ ಯಾರೋ ಮೆಲ್ಲಗೆ, "ಯಾರು?" ಎಂದರು. ಜನ ನಕ್ಕರು. ಮೂರನೆಯದು ಗಾಜು. ಎಂಥ ಒಡೆತ ಅದು! ಮುಂದಿನ ಸಾಲಿನಲ್ಲೊಬ್ಬರು ಚೀರಿಯೇಬಿಟ್ಟರು.

ಅವಸರದಲ್ಲಿ ಕೈ ತಪ್ಪು ಗುಂಡಿಯ ಮೇಲೆ ಬಿತ್ತು. ಮೇಕೆ ಕೂಗಿತು. ಇಡೀ ನಾಟಕದಲ್ಲಿ ಮೇಕೆಯೇ ಇರಲಿಲ್ಲ. ಸಭೆ ಗೊಳ್ಳೆಂದು ನಕ್ಕಿತು. ಆ ನಗು ಇಳಿಯುವವರೆಗೆ ಗುಡುಗಮ್ಮ ಕಾದಳು. ಕಾಯುವುದು ಅವಳಿಗೆ ಗೊತ್ತಿದ್ದ ವಿದ್ಯೆ. ನಗು ಪೂರ್ತಿ ನಿಂತ ಮೇಲೆ ಮುಂದಿನ ಚುಕ್ಕಿ ಒತ್ತಿದಳು.

ಮೇಷ್ಟ್ರು ಓಡಿ ಬಂದರು. "ಏನ್ ಮಾಡ್ತಿದೀರಿ? ನಾಟಕ ಇನ್ನೂ ಶುರುವಾಗಿಲ್ಲ!"

"ಶುರುವಾಗಿದೆ. ಸುಮ್ನೆ ನಿಂತ್ಕೊಂಡು ಕೇಳಿ," ಎಂದಳು ತಿರುಗಿಯೂ ನೋಡದೆ.

ಮಳೆ ಬಂತು. ಅದನ್ನು ಅವಳು ಬೇಗ ನಿಲ್ಲಿಸಲಿಲ್ಲ. ಮಳೆಯ ಮೇಲೆಯೇ ಗುಡುಗನ್ನು ಬಿಟ್ಟಳು, ಮಗ ಬೆವರು ಸುರಿಸಿ ಅಲುಗಿಸಿದ ಗುಡುಗು. ಅದು ದೂರದಲ್ಲಿ ಹುಟ್ಟಿ, ಉರುಳುತ್ತಾ ಬಂದು, ಜನರ ತಲೆಯ ಮೇಲೆ ಹಾದುಹೋಯಿತು. ಪಾರಿವಾಳ ಪಟಪಟನೆ ಹಾರಿದಾಗ ಕೆಲವರು ಕತ್ತೆತ್ತಿ ನೋಡಿದ್ದು, ಬಾಗಿಲ ಬಳಿಯ ಮಂದ ದೀಪದಲ್ಲಿ, ಪರದೆಯ ಸಂದಿಯಿಂದ ಮೇಷ್ಟ್ರ ಕಣ್ಣಿಗೆ ಬಿತ್ತು. ಅವರು ಅಲ್ಲೇ ನಿಂತು ಕೇಳಿದರು. ಗುಡುಗಮ್ಮನ ಕೈ ನಿಲ್ಲಲಿಲ್ಲ. ಒತ್ತುವುದು, ಕೇಳುವುದು, ಎಳೆಯುವುದು, ಇಡುವುದು. ಚಿತ್ರದ ಮೇಜು ಮತ್ತೆ ಅವಳ ಮೇಜಾಯಿತು.

ಎಲ್ಲ ಸಾಮಾನಿಗೂ ಚುಕ್ಕಿ ಬಿದ್ದ ಮೇಲೂ ಮೂಲೆಯಲ್ಲಿ ಒಂದು ಚುಕ್ಕಿ ಉಳಿದಿತ್ತು. ಇದು ಯಾವುದಪ್ಪ ಎಂದು ಒತ್ತಿದಳು.

"ಯಾರೂ ನನ್ನ ಮೇಜು ಮುಟ್ಟಬೇಡಿ!"

ಅವಳದೇ ದನಿ, ಸಭಾಂಗಣದ ಗೋಡೆಗೋಡೆಗೂ ಬಡಿಯಿತು. ಅಳಿಸಿದೆ ಅಂದವಳು ಯಾವುದೋ ಚುಕ್ಕಿಯ ಅಡಿಯಲ್ಲಿ ಬಚ್ಚಿಟ್ಟಿದ್ದಳಲ್ಲ, ಕಳ್ಳಿ!

ಸಭೆಯಲ್ಲಿ ನಗು ಒಡೆಯಿತು, ನಗುವಿನ ಹಿಂದೆಯೇ ಚಪ್ಪಾಳೆ. ಮಗ ಸೊಸೆ ಕೂತಿದ್ದ ಕಡೆಯಿಂದ ಶುರುವಾಗಿ ಇಡೀ ಸಭೆಗೆ ಹಬ್ಬಿತು. ರಂಗದ ಮೇಲೆ ಒಬ್ಬ ನಟನೂ ಇನ್ನೂ ಕಾಲಿಟ್ಟಿರಲಿಲ್ಲ. ಬಿದ್ದ ಚಪ್ಪಾಳೆ ಅವಳೊಬ್ಬಳಿಗೇ. ಗುಡುಗಮ್ಮನಿಗೆ ಅಳು ತಡೆಯಲಾಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ತುಂಬಿತು, ಮತ್ತೆ ಒರೆಸಿಕೊಂಡಳು. ದೀಪದಣ್ಣನೂ ಮೂಗು ಸೀಟಿದ.

ಮೇಷ್ಟ್ರು ಹತ್ತಿರ ಬಂದು ಬಗ್ಗಿದರು. "ನಾಳೆನೂ ಹೀಗೇ ಶುರು ಮಾಡ್ಬೇಕು. ಮೇಕೆ ಸಮೇತ," ಎಂದರು. ಆಮೇಲೆ, ಇಷ್ಟು ವರ್ಷದಲ್ಲಿ ಯಾರನ್ನೂ ಕೇಳದಿದ್ದುದನ್ನು ಅವಳನ್ನು ಕೇಳಿದರು. "ಪರದೆ ಎತ್ತಿಸಲಾ ಗುಡುಗಮ್ಮ?"

"ತಡೀರಿ."

ಆ ಕೊನೆಯ ಚುಕ್ಕಿಗೆ ಇನ್ನೂ ಜಾಗ ಆಗಿರಲಿಲ್ಲ. ಅದನ್ನು ಎಡಗೈಯಿಂದ ನಿಧಾನವಾಗಿ ಎಳೆದುಕೊಂಡು, ಮೇಜು ದಾಟಿಸಿ, ಚಿತ್ರದ ಮೂಲೆಯ ಖಾಲಿ ಸ್ಟೂಲಿನ ಮೇಲೆ ಇಟ್ಟಳು.

"ಈಗ ಎತ್ತಿಸಿ," ಎಂದು ಬಾಣವನ್ನು ಜರಡಿಯ ಮೇಲೆ ತಂದು ಕೂತಳು.